ಬೂದಿಯ ಮೇಲಿನ ಹೆಜ್ಜೆ

“ಗುರುಗಳೇ, ದೆವ್ವವನ್ನು ಗುರುತು ಹಿಡಿಯುವುದು ಹೇಗೆ?”

ಶಿಷ್ಯ ಓಡೋಡಿ ಬಂದಿದ್ದ. ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಊರಾಚೆಯ ಕುದುರೆ ಓಟದಲ್ಲಿ ಆ ಮಧ್ಯಾಹ್ನ ಒಬ್ಬ ಸವಾರ ಬಿದ್ದು ಸತ್ತಿದ್ದ. ದೆವ್ವದ್ದೇ ಕೆಲಸ ಎಂದು ಜನ ಮಾತಾಡಿಕೊಳ್ಳುತ್ತಿದ್ದರು.

ಯೆಹೂದಿಗಳ ಗುರುವಾದ ರಬ್ಬಿ ಕೈಯಲ್ಲಿದ್ದ ಜರಡಿಯನ್ನು ಪಕ್ಕಕ್ಕಿಟ್ಟರು. “ಕೂತುಕೋ” ಎಂದು ಕತೆ ಹೇಳಿದರು.

ಹಿಂದೆ ಬೆಟ್ಟದ ಮೇಲೆ ಯೆಹೂದಿಗಳ ಒಂದು ಊರಿತ್ತು. ಅಲ್ಲಿ ವರ್ಷಕ್ಕೊಮ್ಮೆ ಕುದುರೆ ಓಟ. ಊರಬಾಗಿಲಿಂದ ಹೊರಟು, ಬೆಟ್ಟ ಸುತ್ತಿ, ಮತ್ತೆ ಊರಬಾಗಿಲಿಗೆ ಬರಬೇಕು. ಕೊನೆಯ ತಿರುವಿನಲ್ಲಿ ದಾರಿ ಒಂದೇ ಕುದುರೆಯ ಅಗಲ. ಪಕ್ಕದಲ್ಲಿ ಪ್ರಪಾತ. ಪ್ರತಿವರ್ಷ ಆ ತಿರುವು ಒಬ್ಬನನ್ನು ನುಂಗುತ್ತಿತ್ತು. ದೆವ್ವಗಳ ರಾಜ ಅಶ್ಮೆದಾಯ್ ಸವಾರನ ವೇಷದಲ್ಲಿ ಬಂದು ಬಲಿ ತೆಗೆದುಕೊಳ್ಳುತ್ತಾನೆ ಎಂದು ಹಿರಿಯರು ಹೇಳುತ್ತಿದ್ದರು. ಹೇಳಿ, ಮರುವರ್ಷದ ಓಟಕ್ಕೆ ದಿನ ಗೊತ್ತುಮಾಡುತ್ತಿದ್ದರು.

ಆ ಊರಿನಲ್ಲಿ ಕುದುರೆ ಪಳಗಿಸುವ ಒಬ್ಬ ಹೆಂಗಸಿದ್ದಳು. ಹಿಂದಿನ ವರ್ಷ ತಿರುವಿನಲ್ಲಿ ಬಿದ್ದವನು ಅವಳ ತಮ್ಮ. ಈ ಸಲ ಅವಳೇ ಓಟಕ್ಕೆ ಇಳಿದಳು. ಗೆಲ್ಲುವ ಆಸೆ ಅವಳಿಗಿರಲಿಲ್ಲ. ಇನ್ನೊಬ್ಬನನ್ನು ನುಂಗುವ ಮುಂಚೆ ಆ ದೆವ್ವವನ್ನು ಹಿಡಿಯಬೇಕಿತ್ತು.

ಎಷ್ಟೇ ವೇಷ ಹಾಕಿದರೂ ದೆವ್ವ ಬೂದಿಯ ಮೇಲೆ ನಡೆದರೆ ಮೂಡುವುದು ಹುಂಜದ ಹೆಜ್ಜೆ. ಆ ಊರಿನ ಅಜ್ಜಿಯರೆಲ್ಲ ಬಲ್ಲ ಮಾತು ಅದು. ಓಟದ ದಿನ ಜನ ಬೆಳಿಗ್ಗೆಯೇ ಹೋಗಿ ತಿರುವಿನ ಮೇಲಿನ ಬಂಡೆಗಳಲ್ಲಿ ಜಾಗ ಹಿಡಿದಿದ್ದರು. ಅವಳು ಒಲೆಯ ಬೂದಿಯನ್ನು ಜರಡಿ ಹಿಡಿದು ಊರಬಾಗಿಲಿಗೆ ಅಡ್ಡಲಾಗಿ ಹರಡಿದಳು. ಸವಾರರೆಲ್ಲ ನಡೆದೇ ಅದನ್ನು ದಾಟಬೇಕೆಂದು ಹಟ ಹಿಡಿದಳು.

“ಒಲೆ ಬೂದಿ ಹಾಕಿ ಓಟ ಗೆಲ್ತೀಯೇನಕ್ಕಾ?” ಎಂದು ಸವಾರರಲ್ಲಿ ಒಬ್ಬನಾದ ವರ್ತಕನ ಮಗ ನಕ್ಕ.

“ಮೊದಲು ಕಾಲಿಡಪ್ಪ, ಮನುಷ್ಯನೋ ಹುಂಜನೋ ನೋಡೋಣ. ಕೂಗೋದಂತೂ ಹುಂಜನ ಹಾಗೇ ಇದೆ.”

ಏಳು ಮಂದಿ ದಾಟಿದರು. ಏಳೂ ಮನುಷ್ಯರ ಹೆಜ್ಜೆ. ಅವಳೂ ದಾಟಿ, ತಿರುಗಿ ತನ್ನ ಹೆಜ್ಜೆಯನ್ನೂ ನೋಡಿಕೊಂಡಳು. ಅದೂ ಮನುಷ್ಯರದೇ. ಹಾಗಾದರೆ ದೆವ್ವ ಎಲ್ಲಿ? ಯೋಚಿಸಲು ಹೊತ್ತಿರಲಿಲ್ಲ. ಕೊಂಬು ಮೊಳಗಿತು.

ಕೊನೆಯ ತಿರುವು ಹತ್ತಿರವಾದಾಗ ಮುಂದಿದ್ದವರು ಇಬ್ಬರೇ, ಅವಳು ಮತ್ತು ವರ್ತಕನ ಮಗ. ಕುದುರೆಗಳ ಪಕ್ಕೆಗೆ ಪಕ್ಕೆ ಉಜ್ಜುತ್ತಿತ್ತು. ಪ್ರಪಾತದ ಕಡೆಗಿದ್ದವನು ಅವನು.

ಬಂಡೆಗಳ ಮೇಲಿಂದ ಕೂಗು ಎದ್ದಿತು. “ತಳ್ಳು! ತಳ್ಳು!”

ಅವರು ಯಾರ ಹೆಸರನ್ನೂ ಹೇಳಲಿಲ್ಲ. ಯಾರು ಯಾರನ್ನು ತಳ್ಳಿದರೂ ಅವರಿಗೆ ನಡೆಯುತ್ತಿತ್ತು. ಕೂಗು ಅವಳ ಕಿವಿಯಿಂದ ಕಾಲಿಗೆ ಇಳಿಯಿತು. ಬಲಗಾಲು ಜೀನಿಗೆ ತೂಗುವ ರಿಕಾಪಿನಿಂದ ತಾನಾಗಿ ಮೇಲೆದ್ದು ಅವನ ಕುದುರೆಯ ಪಕ್ಕೆಗೆ ಗುರಿ ಹಿಡಿಯಿತು. ಅವನು ಈಗ ನಗುತ್ತಿರಲಿಲ್ಲ. ಆ ಕಾಲನ್ನೇ ನೋಡುತ್ತಿದ್ದ.

ತಮ್ಮನೂ ಹೀಗೇ ಯಾರದೋ ಕಾಲನ್ನು ನೋಡಿರಬೇಕು.

ಅವಳು ಲಗಾಮು ಜಗ್ಗಿದಳು. ಕುದುರೆ ಹಿಂಗಾಲ ಮೇಲೆ ಎದ್ದು ನಿಂತಿತು. ವರ್ತಕನ ಮಗ ಒಬ್ಬನೇ ತಿರುವು ದಾಟಿದ. ದಾಟಿ, ಕೆಳಗಿಳಿದು, ನೆಲದ ಮೇಲೆ ಕುಸಿದು ಕೂತ. ಆ ವರ್ಷ ಯಾರೂ ಸಾಯಲಿಲ್ಲ.

ಕೂಗು ನಿಂತಿತು. “ಥೂ, ಇದೂ ಒಂದು ಓಟವೇ?” ಎಂದು ಯಾರೋ ಉಗಿದರು. ಜನ ಬಂಡೆಗಳಿಂದ ಇಳಿದು ಊರಿಗೆ ನಡೆದರು.

ಅವಳು ಕುದುರೆಯನ್ನು ನಡೆಸಿಕೊಂಡು ಎಲ್ಲರಿಗಿಂತ ಹಿಂದೆ ಬಂದಳು. ಊರಬಾಗಿಲಲ್ಲಿ ಬಗ್ಗಿ ನೋಡಿದಳು. ಬೂದಿಯ ಮೇಲೆ ಬೆರಳಿಡುವಷ್ಟು ಜಾಗ ಉಳಿದಿರಲಿಲ್ಲ. ಅಷ್ಟೂ ಹುಂಜದ ಹೆಜ್ಜೆ. ದೊಡ್ಡವು, ಸಣ್ಣವು. ಹಿರಿಯರ ಊರುಗೋಲಿನ ಗುರುತುಗಳ ಪಕ್ಕದಲ್ಲೂ ಅವೇ.

ರಬ್ಬಿ ಕತೆ ನಿಲ್ಲಿಸಿದರು.

“ಅಬ್ಬಾ, ಎಂಥ ಊರು!” ಎಂದ ಶಿಷ್ಯ, ಕಟ್ಟಿದ ಗಂಟಲಲ್ಲೇ. “ಪುಣ್ಯಕ್ಕೆ ನಮ್ಮೂರು ಹಾಗಲ್ಲ.”

“ನೀನು ಬರುವ ಮುಂಚೆ ಹೊಸ್ತಿಲಿಗೆ ಬೂದಿ ಹರಡಿದ್ದೆ, ಹೋಗುವಾಗ ಬಗ್ಗಿ ನೋಡಿಕೊಂಡು ಹೋಗು” ಎಂದರು ರಬ್ಬಿ.

ಶಿಷ್ಯ ಎದ್ದು ನಿಂತ. ಬಾಗಿಲ ಕಡೆಗೆ ತಿರುಗಲಿಲ್ಲ.