ಮುಚ್ಚಳಕ್ಕೆ ಹಚ್ಚಿದ ಗಂಧ

ವಾರಿಜಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಕಾರೊಂದನ್ನು ಬಿಚ್ಚಿ, ತೊಳೆದು, ತಾವೇ ಮತ್ತೆ ಜೋಡಿಸಿದ್ದರು. ಅದು ಓಡತೊಡಗಿದ ಸಂತೋಷಕ್ಕೆ ಆಯುಧಪೂಜೆಯ ದಿನ ಒಂದೊಂದು ಭಾಗಕ್ಕೂ ಗಂಧದ ಬೊಟ್ಟಿಟ್ಟರು. ಫಳಫಳ ಹೊಳೆಯುವ ಪೆಟ್ರೋಲ್ ಮುಚ್ಚಳದ ಮೇಲೆ ಮಾತ್ರ ಪ್ರೀತಿ ಉಕ್ಕಿ, ಅದರ ತುಂಬ ಗಂಧ ಮೆತ್ತಿದರು.

ಮರುದಿನದಿಂದ ಕಾರು ಬೀದಿಯ ತುದಿ ಮುಟ್ಟುವಷ್ಟರಲ್ಲಿ ನಿಂತುಬಿಡುತ್ತಿತ್ತು.

"ಪಂಪು ನನಗೆ ಪೆಟ್ರೋಲ್ ಕೊಡುತ್ತಿಲ್ಲ," ಎಂದಿತು ಇಂಜಿನ್.

"ನಾನು ಜೀವ ಹೋಗುವಂತೆ ಎಳೆಯುತ್ತಿದ್ದೇನೆ. ಟ್ಯಾಂಕು ಬಿಡುತ್ತಿಲ್ಲ," ಎಂದಿತು ಪಂಪು.

"ನನಗೇ ಉಸಿರು ಕಟ್ಟಿದೆ, ನಿನಗೇನು ಕೊಡಲಿ?" ಎಂದಿತು ಟ್ಯಾಂಕು.

ಮುಚ್ಚಳ ನಕ್ಕಿತು. "ನಿಮಗೆಲ್ಲ ಹೊಟ್ಟೆಕಿಚ್ಚು. ಅಮ್ಮ ನನಗೇ ಹೆಚ್ಚು ಗಂಧ ಹಚ್ಚಿದ್ದಾರಲ್ಲ!"

ಪಂಪೇ ಕೆಟ್ಟಿದೆಯೆಂದುಕೊಂಡು, ಅದನ್ನು ಕಿತ್ತು ಗುಜರಿಗೆ ಹಾಕಲೆಂದು ವಾರಿಜಮ್ಮ ಸ್ಪ್ಯಾನರ್ ಎತ್ತಿಕೊಂಡರು. ಅದಕ್ಕೂ ಮುಂಚೆ ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಮುಚ್ಚಳ ತಿರುಗಿಸಿದರು. ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು. ಮುಚ್ಚಳವನ್ನು ಬೆಳಕಿಗೆ ಹಿಡಿದರೆ, ಪೆಟ್ರೋಲ್ ಹೊರಹೋದಷ್ಟೂ ಟ್ಯಾಂಕಿನೊಳಗೆ ಗಾಳಿ ಬಿಡುವ ಸಣ್ಣ ತೂತಿನಲ್ಲಿ ಗಂಧ ಒಣಗಿ ಕೂತಿತ್ತು.

"ಅಯ್ಯೋ, ನಾನೇ ನಿನ್ನ ಮೂಗು ಮುಚ್ಚಿಬಿಟ್ಟೆನೇ!" ಎನ್ನುತ್ತ ಸೆರಗಿನ ಪಿನ್ನು ತೆಗೆದು ತೂತು ಬಿಡಿಸಿದರು, ಗಂಧವನ್ನೆಲ್ಲ ಒರೆಸಿದರು. ಕಾರು ಊರೆಲ್ಲ ಸುತ್ತಿ ಬಂತು. ಪಂಪು ಉಳಿಯಿತು.

ಮರುವರ್ಷದ ಪೂಜೆಗೆ ವಾರಿಜಮ್ಮ ತೂತಿನಿಂದ ದೂರಕ್ಕೆ ಒಂದೇ ಒಂದು ಬೊಟ್ಟಿಟ್ಟು, "ಇಷ್ಟು ಸಾಕೇನೋ?" ಎಂದು ಕೇಳಿದರು.

"ಧಾರಾಳವಾಯಿತಮ್ಮ," ಎಂದಿತು ಮುಚ್ಚಳ. "ಹೋದ ವರ್ಷ ನೀವು ಹಚ್ಚಿದ್ದಕ್ಕಿಂತ ಒರೆಸಿದ್ದೇ ನನಗೆ ದೊಡ್ಡ ಪೂಜೆ."