ಮಲ್ಲೋಜಿಯ ಮೊದಲ ತುತ್ತು

"ಮಹಾಪ್ರಭು, ನಮ್ಮ ಸೆರೆಮನೆಯಲ್ಲಿ ಕೈದಿಗಳು ಮನೆಅಳಿಯಂದಿರ ಹಾಗಿದ್ದಾರೆ! ಬಿಡುಗಡೆ ಅಂದರೆ ಗೋಳೋ ಅಂತ ಅಳ್ತಾರೆ!" ಎಂದು ಸೆರೆಮನೆಯ ಅಧಿಕಾರಿ ಮಲ್ಲೋಜಿ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. ಕೆಂಚನಗಡದ ಅರಸ ಬೊಮ್ಮರಾಜ ಹಿಗ್ಗಿಹೋದ.

ಮೂಲೆಯಲ್ಲಿದ್ದ ವಿದೂಷಕ ಸಂಕಣ್ಣನಿಗೆ ಮೈಯೆಲ್ಲ ಉರಿಯಿತು. ಬೆಳಗ್ಗೆ ತಾನೇ ಕೋಟೆ ಬಾಗಿಲಲ್ಲಿ ಕುಂಬಾರರ ಶಿವಕ್ಕ ಅವನ ಕಾಲು ಹಿಡಿದಿದ್ದಳು.

"ನನ್ನ ಗಂಡ ಗೌಡರ ಕುರಿ ಕದ್ದದ್ದು ನಿಜ ಅಣ್ಣಾ, ಒಳಗಿರಲಿ. ಆದರೆ ಹುಳ ಬಿದ್ದ ಗಂಜಿ ಕುಡಿದೂ ಕುಡಿದೂ ಎದ್ದು ನಿಲ್ಲೋಕಾಗ್ತಿಲ್ಲ ಅವನಿಗೆ. ಜೀವಸಹಿತ ಮನೆಗೆ ಬರೋದು ಬೇಡವಾ?"

ನೇರವಾಗಿ ಹೇಳೋಣವೆಂದರೆ ಮಲ್ಲೋಜಿ ರಾಣಿಯ ಸೋದರಮಾವ. ರಾಜ ನಂಬಿದ ಹಾಗೇ! ಸಂಕಣ್ಣ ಎದ್ದು ಕೈಮುಗಿದ.

"ಪ್ರಭು, ನನಗೊಂದು ಭಯ. ಅಂಥ ಸೊಗಸಾದ ಊಟಕ್ಕೆ ಯಾರಾದರೂ ಹೊಟ್ಟೆಕಿಚ್ಚಿಗೆ ವಿಷ ಹಾಕಿಬಿಟ್ಟರೆ? ತಾವು ಕೊಟ್ಟದ್ದು ಬರೀ ಸೆರೆವಾಸ. ಕೈದಿ ಸತ್ತರೆ, ತಮ್ಮ ಆಜ್ಞೆಯನ್ನು ಇನ್ಯಾರೋ ತಿದ್ದಿ ಮರಣದಂಡನೆ ಮಾಡಿದ ಹಾಗಾಗಲಿಲ್ಲವೇ?"

"ನನ್ನ ಆಜ್ಞೆಯನ್ನು ತಿದ್ದುವುದೇ!" ರಾಜ ಸಿಂಹಾಸನದಿಂದ ಅರ್ಧ ಎದ್ದ. "ಏನು ಮಾಡೋಣ ಹೇಳು."

"ಅರಮನೆಯ ಪದ್ಧತಿಯೇ ಇದೆಯಲ್ಲ. ತಮ್ಮ ಊಟವನ್ನು ಬಾಣಸಿಗ ಮೊದಲು ಉಂಡು ತೋರಿಸುತ್ತಾನೆ. ಅಲ್ಲಿ ಮಲ್ಲೋಜಿಯವರು ಉಂಡು ತೋರಿಸಲಿ. ಇವತ್ತೇ, ತಮ್ಮೆದುರಿಗೇ ಶುರುವಾಗಲಿ!"

ಮಲ್ಲೋಜಿಯ ಮೀಸೆ ಜೋತುಬಿತ್ತು. "ಇವತ್ತು ನನಗೆ ಉಪವಾಸ, ಪ್ರಭು..."

"ಈಗಷ್ಟೇ ನನ್ನ ಪಕ್ಕ ಕೂತು ಹೋಳಿಗೆ ಹೊಡೆದಿರಲ್ಲ ಮಾವಯ್ಯ!" ಎಂದ ರಾಜ. "ಯಾರಲ್ಲಿ? ಸೆರೆಮನೆಯ ಹಂಡೆ ತನ್ನಿ!"

ಹಂಡೆಗಿಂತ ಮೊದಲು ವಾಸನೆ ಬಂತು. ಮಂತ್ರಿಗಳು ಶಲ್ಯದಿಂದ ಮೂಗು ಮುಚ್ಚಿಕೊಂಡರು. ಸಂಕಣ್ಣ ಮಾತ್ರ ಬಾಳೆಎಲೆ ಹಾಸಿ, ಮದುವೆಮನೆಯಲ್ಲಿ ಉಪಚಾರ ಮಾಡುವವನಂತೆ, "ನಾಚಿಕೋಬೇಡಿ, ನಿಧಾನವಾಗಿ ಊಟ ಮಾಡಿ" ಎನ್ನುತ್ತ ಸೌಟುಗಟ್ಟಲೆ ಬಡಿಸಿದ.

ಮಲ್ಲೋಜಿ ಎಲೆ ನೋಡಿದ. ಎಲೆಯ ಮೇಲೆ ಏನೋ ಹರಿದಾಡಿತು. ಅವನಿಗೆ ತಡೆಯಲಾಗಲಿಲ್ಲ.

"ಪ್ರಭು! ಇದನ್ನು ಮನುಷ್ಯರಾದವರು ತಿಂತಾರಾ?"

ಮಂತ್ರಿಗಳು ಶಲ್ಯದೊಳಗೇ ಕಿಸಕ್ಕನೆ ನಕ್ಕರು.

"ನೋಡಿ ಪ್ರಭು," ಎಂದ ಸಂಕಣ್ಣ, "ಕೈದಿಗಳ ಪರವಾಗಿ ನಾನು ಹೇಳಬೇಕೆಂದಿದ್ದ ಮಾತನ್ನು ಪಾಪ, ಇವರೇ ಹೇಳಿಬಿಟ್ಟರು!"

ರಾಜನಿಗೆ ಸಿಟ್ಟೂ ಬಂತು, ನಗುವೂ ಬಂತು. ಅಂದಿನಿಂದ ಕೈದಿಗಳ ಜೊತೆ ಕೂತು ಮಲ್ಲೋಜಿಯೇ ಮೊದಲ ತುತ್ತು ಉಣ್ಣಬೇಕೆಂದು ಕಟ್ಟಪ್ಪಣೆಯಾಯಿತು. ಮರುದಿನವೇ ಸೆರೆಮನೆಯಲ್ಲಿ ಬಿಸಿಮುದ್ದೆ, ಸೊಪ್ಪಿನ ಸಾರು! ಕೆಲವೇ ದಿನಗಳಲ್ಲಿ ಶಿವಕ್ಕನ ಗಂಡ ಎದ್ದು ಓಡಾಡತೊಡಗಿದ.

"ಭೇಷ್ ಸಂಕಣ್ಣ! ನಿನಗೇನು ಬಹುಮಾನ ಬೇಕು, ಕೇಳು" ಎಂದ ರಾಜ.

"ಆ ಪದ್ಧತಿ ಮಾತ್ರ ನಿಲ್ಲಿಸಬೇಡಿ ಪ್ರಭು. ಈ ನಾಲಿಗೆ ಕಟ್ಟಿಕೊಂಡು ನಾನೂ ಒಂದಲ್ಲ ಒಂದು ದಿನ ಅಲ್ಲಿಗೇ ಊಟಕ್ಕೆ ಹೋಗುವವನು!"