ಸೋರದ ಪೈಪು

ಊಟಿಯಲ್ಲಿ ಬಹುಕಾಲ ಓಡಿದ ಹಳೆಯ ಕಾರೊಂದು ಕೈಬದಲಾಗಿ ರಾಯಚೂರಿನ ಸಾಹುಕಾರನೊಬ್ಬನ ಬಳಿಗೆ ಬಂದಿತು. ಎಂಜಿನ್ನಿನ ಬಿಸಿನೀರನ್ನು ಹೀಟರಿಗೆ ಒಯ್ಯುವ ರಬ್ಬರ್ ಪೈಪು ಅಲ್ಲಿ ಬಿರಿದು ಸೋರತೊಡಗಿತು.

"ಅಕ್ಕಾ, ನನ್ನನ್ನು ಕಿತ್ತು ಬಿಸಾಡುತ್ತಾರೆ," ಎಂದು ಪೈಪು ಅತ್ತಿತು.

"ಹೆದರಬೇಡ," ಎಂದಿತು ಹೀಟರು. "ಊಟಿಯ ಚಳಿಯಲ್ಲಿ ಇಬ್ಬರೂ ಸೇರಿ ಎಷ್ಟು ಮಂದಿಯನ್ನು ಬೆಚ್ಚಗಿಟ್ಟಿದ್ದೇವೆ. ನಾನಿರುವ ತನಕ ನೀನೂ ಬೇಕು."

ಮೆಕ್ಯಾನಿಕ್ ಮೌಲಾಲಿ ಬಾನೆಟ್ ಎತ್ತಿ ನೋಡಿ ನಕ್ಕ. "ಈ ಊರಾಗ ಹೀಟರ್ ಯಾಕ್ರೀ ಸಾಹುಕಾರ್ರ? ಊರೇ ಹೀಟರ್ ಐತಿ." ಬಿರಿದ ತುದಿಯನ್ನು ಕತ್ತರಿಸಿ, ಪೈಪನ್ನು ಬಗ್ಗಿಸಿ, ನೀರು ಹೀಟರಿಗೆ ಹೋಗದೆ ಎಂಜಿನ್ನಿಗೇ ಮರಳುವಂತೆ ಜೋಡಿಸಿ ಕ್ಲಿಪ್ಪು ಬಿಗಿದ.

ಹೀಟರು ಒಣಗಿತು. "ತಮ್ಮಾ, ಸೋರಿದವನು ನೀನು. ಬಿಟ್ಟದ್ದು ನನ್ನನ್ನೇಕೆ?"

ಪೈಪು ಬಿಸಿನೀರನ್ನು ಎಂಜಿನ್ನಿಗೆ ಮರಳಿಸುವುದರಲ್ಲಿ ಮುಳುಗಿತ್ತು.

ಎಷ್ಟೋ ವರ್ಷಗಳ ಮೇಲೆ, ಮಾಗಿಯ ಚಳಿಯಲ್ಲಿ, ಸಾಹುಕಾರ ಅದೇ ಕಾರಿನಲ್ಲಿ ತನ್ನ ತಾಯಿಗೆ ಊಟಿ ತೋರಿಸಲು ಹೊರಟ. ಘಟ್ಟದ ನಡುವೆ ಮುದುಕಿಯ ಹಲ್ಲು ಕಟಕಟಿಸಿದವು. ಮೌಲಾಲಿ ಮಾಡಿದ್ದನ್ನು ಮರೆತಿದ್ದ ಮಗ ಹೀಟರಿನ ಗುಂಡಿ ತಿರುಗಿಸಿದ.

"ಕರೆದರು!" ಹೀಟರಿಗೆ ಜೀವ ಬಂದಂತಾಯಿತು. "ತಮ್ಮಾ, ಒಂದು ಗುಟುಕು ನೀರು ಕೊಡು. ಪಾಪ, ಹಿರಿಯ ಜೀವ ನಡುಗುತ್ತಿದೆ."

"ಒಂದು ಹನಿ ಹೊರಬಿದ್ದರೂ ನನ್ನನ್ನು ಕಿತ್ತು ಬಿಸಾಡುತ್ತಾರಕ್ಕಾ," ಎಂದಿತು ಬಿಸಿನೀರು ತುಂಬಿದ ಪೈಪು.

ಒಣಗಿದ ಹೀಟರನ್ನು ಹಾದು ಬಂದ ಗಾಳಿ ಮುದುಕಿಯ ಮುಖಕ್ಕೆ ತಣ್ಣಗೆ ಹೊಡೆಯಿತು. ಆಕೆ ಸೆರಗು ಹೊದ್ದು ಮುಖ ತಿರುಗಿಸಿದಳು.

"ಬಂದ್ ಮಾಡಪ್ಪ ಅದನ್ನ," ಎಂದಳು. "ಅದು ಮೊದಲಿಂದ್ಲೂ ಕೆಟ್ಟಿದ್ದೇ ಇರಬೇಕು."